ಬಂಡಿಗಳ ಸಾಲೂ ಭೀಮೆಯ ಒರತೆಯೂ

ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ನಮ್ಮ ಮೊಮ್ಮಗನು ಒಂದು ಚಿತ್ರದ ಪುಸ್ತಕವನ್ನು ತಂದು ನಮ್ಮ ಮುಂದೆ ಹಿಡಿದನು. ಮರಳುಗಾಡು, ಸಂಜೆಯ ಹೊತ್ತು, ಒಂದರ ಹಿಂದೊಂದರಂತೆ ಹೋಗುತ್ತಿರುವ ಒಂಟೆಗಳು, ದೂರದಲ್ಲಿ ಎರಡು ಮೂರು ಗುಡಾರಗಳು. “ಮುತ್ಯಾ, ಇಂಥಾದು ನಮ್ಮ ಕಡೆ ಎಂದಾದರ ಇತ್ತೇನು?” ಎಂದು ಕೇಳಿದನು. “ಒಂಟಿ ಇರಲಿಲ್ಲಪ್ಪಾ, ಉಳದದ್ದೆಲ್ಲಾ ಇತ್ತು” ಎಂದೆವು. ಅವನಿಗೆ ನಂಬುಗೆಯಾಗಲಿಲ್ಲ. ಆಳಂದದಿಂದ ಜೇವರ್ಗಿಗೆ ಮೋಟಾರಿನಲ್ಲಿ ಅರ್ಧ ದಿನದೊಳಗೆ ಹೋಗಿ ಬರುವ ಹುಡುಗನಿಗೆ ಅದೇ ದಾರಿಯಲ್ಲಿ ನಾಲ್ಕು ರಾತ್ರಿ ಬಯಲಿನಲ್ಲಿ ಮಲಗಬೇಕಾಗುತ್ತಿತ್ತೆಂದರೆ ಹೇಗೆ ನಂಬುಗೆಯಾಗಬೇಕು? ಅಂದು ಅವನಿಗೆ ಹೇಳಿದ್ದನ್ನೂ, ಹೇಳಲು ಬಾಯಿ ಬಾರದೆ ಉಳಿಸಿಕೊಂಡದ್ದನ್ನೂ ಈ ತಿಂಗಳು ವಾಚಕರ ಮುಂದೆ ಇಡುತ್ತೇವೆ.

ಇಂಥ ಪಯಣಿಗರ ಗುಂಪಿಗೆ ಸಂಸ್ಕೃತದಲ್ಲಿ ‘ಸಾರ್ಥ’ವೆಂದು ಹೆಸರು. ಅದನ್ನು ನಡೆಯಿಸುವವನು ಸಾರ್ಥವಾಹನು. ಅಮರಸಿಂಹನು ಈ ಹೆಸರನ್ನು ವರ್ತಕರ ಸಾಲಿನಲ್ಲಿ ಕೂಡಿಸಿದ್ದಾನೆ. ದೇಶಾಂತರಕ್ಕೆ ಹೊರಟವನಿಗೆ ಗೆಳೆಯನಾರೆಂದು ಯಕ್ಷನು ಕೇಳಲು, ಸಾರ್ಥವೇ ಅವನ ಗೆಳೆಯನೆಂದು ಧರ್ಮರಾಯನು ಉತ್ತರಕೊಟ್ಟನೆಂಬ ಪಾಠವು ಮಹಾಭಾರತದಲ್ಲಿ ಉಂಟು. ‘ಮರು’ ಎಂಬ ಶಬ್ದಕ್ಕಾದರೋ ಪ್ರಾಣಿಗಳು ಎಲ್ಲಿ ಸಾಯುವವೋ ಅದು ಎಂದು ವ್ಯುತ್ಪತ್ತಿಯನ್ನು ಹೇಳುವರು. ನಮ್ಮದು ಮರುಭೂಮಿಯಲ್ಲ, ಎರೆಭೂಮಿ. ಮಳೆಯಾದರೆ ಜೋಳ, ತೊಗರಿ, ಕಡಲೆ ಎಲ್ಲವನ್ನೂ ಕೊಡುವ ನೆಲವಿದು. ಆದರೆ ಒಂದು ವರ್ಷ ಮಳೆ ತಪ್ಪಿತೋ, ಕಾಲು ಹೂತುಹೋಗುವಷ್ಟು ಅಗಲವಾದ ಬಿರುಕುಗಳು ಬಾಯ್ದೆರೆಯುವವು; ಹರದಾರಿಗಟ್ಟಲೆ ನಡೆದರೂ ನೆರಳಿಗೆ ಒಂದು ಜಾಲಿಯ ಗಿಡವಿರಲಾರದು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಎರಡು ವರ್ಷ ತಪ್ಪಿದರೆ ಮೇಲಿನ ವ್ಯುತ್ಪತ್ತಿಯು ನಮ್ಮ ನೆಲಕ್ಕೂ ಸಲ್ಲುವದು.

ಈ ನಾಡಿನ ನಿಜವಾದ ಸಾರ್ಥವಾಹರೆಂದರೆ ಲಂಬಾಣಿಗರು. ಲವಣದ ವ್ಯಾಪಾರದಿಂದ ಆ ಹೆಸರು ಬಂದಿತೆಂದು ಹಲವರು ಹೇಳುವರು. ಅವರದು ಬಂಡಿಯಲ್ಲ; ಎತ್ತಿನ ಬೆನ್ನಿನ ಮೇಲೆ ಹೇರು. ಧಾನ್ಯ, ಉಪ್ಪುಗಳನ್ನು ಹೇರಿಕೊಂಡು, ಹೆಂಡಿರು ಮಕ್ಕಳ ಸಮೇತ, ನಾಯಕನ ಮಾತಿನಂತೆ ನಡೆದು, ನೀರು ಹುಲ್ಲು ಕಂಡಲ್ಲಿ ಇಳಿದು, ಮತ್ತೆ ಏಳುವರು. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿಯು ಉತ್ತರ ಹಿಂದುಸ್ಥಾನದ ದಾರಿಯಲ್ಲಿ 14,000 ಎತ್ತುಗಳ ಒಂದು ತಾಂಡಾವನ್ನು ಕಂಡುದಾಗಿ ಬರೆದಿಟ್ಟಿದ್ದಾನೆ. ಎಲ್ಲವೂ ಧಾನ್ಯವನ್ನು ಹೊತ್ತವು. ಅದೇ ಶತಕದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವರ್ನಿಯೆಯೂ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಹೇಳುತ್ತಾನೆ. ಮೊಗಲರ ದಂಡಿಗೂ, ಮುಂದೆ ಟಿಪ್ಪುವಿನ ಮೇಲೆ ಬಂದ ಕಾರ್ನವಾಲಿಸನ ದಂಡಿಗೂ ಕಾಳು ತಂದವರು ಇವರೇ. 1871ರಲ್ಲಿ ಮುಂಬಯಿಯ ಕಡೆಯ ಉಗಿಬಂಡಿಯ ದಾರಿಯೂ ಮದ್ರಾಸಿನ ಕಡೆಯ ದಾರಿಯೂ ರಾಯಚೂರಿನಲ್ಲಿ ಕೂಡಿದವು. ಆ ಮೇಲೆ ಎತ್ತಿನ ಬೆನ್ನಿನ ಮೇಲೆ ಉಪ್ಪು ತರಿಸುವವರು ಯಾರು? ಹೇರು ತಪ್ಪಿದ ಮೇಲೆ ಅವರು ಊರುಗಳ ಹೊರಗೆ, ಗುಡ್ಡದ ಓರೆಗಳಲ್ಲಿ ನೆಲೆನಿಂತರು. ಆಳಂದ, ಅಫಜಲಪುರ ತಾಲೂಕುಗಳ ತಾಂಡಾಗಳು ಇಂಥವು. ನಿಂತ ನೆಲಕ್ಕೆ ಹಕ್ಕುಪತ್ರ ಬರಲು ಎಷ್ಟು ಕಾಲ ಹಿಡಿಯಿತೆಂಬುದಕ್ಕೆ ಒಂದು ಮಾತು ಸಾಕು: 2023ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಮಂತ್ರಿಗಳ ಕೈಯಿಂದ ಐದು ಜಿಲ್ಲೆಗಳ ತಾಂಡಾದವರಿಗೆ 50,000ಕ್ಕೂ ಹೆಚ್ಚು ಹಕ್ಕುಪತ್ರಗಳು ಹಂಚಲ್ಪಟ್ಟವು.

ಇನ್ನು ನಮ್ಮ ಪಯಣದ ಮಾತು. 1972ರ ಮಳೆಗಾಲವು ಕೈಕೊಟ್ಟಿತು. ಅದರ ಹಿಂದಿನ ವರ್ಷವೂ ಬೆಳೆ ಅರ್ಧಕ್ಕರ್ಧ. 1973ರ ಬೇಸಗೆಯೆಂದರೆ ಇಂದಿಗೂ ನಮ್ಮ ವಯಸ್ಸಿನವರು ಒಂದು ಕ್ಷಣ ಸುಮ್ಮನಾಗುವರು. ನಮ್ಮ ರಾಜ್ಯಕ್ಕೆ ಆಗಿನ್ನೂ ಕರ್ನಾಟಕವೆಂಬ ಹೆಸರು ಬಂದಿರಲಿಲ್ಲ. ಅದು ಆ ವರ್ಷದ ನವೆಂಬರದ ಮಾತು. ಊರ ಗಂಡಸರೂ ಹೆಂಗಸರೂ ಬರಗಾಲದ ಕೆಲಸವೆಂದು ರಸ್ತೆಗೆ ಖಡಿ ಒಡೆಯುತ್ತಿದ್ದರು. ಸರಕಾರದ ಅಂಗಡಿಯಲ್ಲಿ ಕೆಂಪು ಜೋಳ ಸಿಗುತ್ತಿತ್ತು. ಅದರ ರೊಟ್ಟಿಯು ತಟ್ಟಿದರೆ ಮುರಿಯುವದು, ತಿಂದರೆ ಗಂಟಲಿಗೆ ಹತ್ತುವದು. ಮನುಷ್ಯರಿಗೆ ಇಷ್ಟಾದರೂ ಉಂಟು, ದನಗಳಿಗೆ ಏನೂ ಇಲ್ಲ. ನಮ್ಮ ತಾಯಿಯ ತವರು ಜೇವರ್ಗಿಯ ಸೀಮೆಯಲ್ಲಿ. ಅಲ್ಲಿ ಎರಡು ವರ್ಷದ ಹಿಂದಿನ ಕಣಿಕಿಯ ಬಣವಿಯೊಂದು ಒಡೆಯದೆ ಉಳಿದಿದೆಯೆಂದು ಸುದ್ದಿ ಬಂದಿತು. ಮುತ್ಯಾನು ದನಗಳನ್ನು ಅಲ್ಲಿಗೆ ಹೊಡೆದುಕೊಂಡು ಹೋಗಲು ನಿಶ್ಚಯಿಸಿದನು. ಊರಿನ ಇನ್ನೂ ಆರು ಮನೆಯವರು ಕೂಡಿಕೊಂಡರು. ಒಂದಿಬ್ಬರಿಗೆ ಗಾಣಗಾಪುರದ ಹರಕೆಯೂ ಇದ್ದಿತು. ಹೀಗೆ ಏಳು ಬಂಡಿ, ಮೂವತ್ತಕ್ಕೆ ಮಿಕ್ಕಿದ ದನ, ಮಕ್ಕಳೊಂದಿಗೆ ಇಪ್ಪತ್ತೈದು ಮಂದಿ. ನಮಗೆ ಆಗ ಎಂಟು ವರುಷ.

ಯುಗಾದಿ ಕಳೆದು ಬೆಳದಿಂಗಳು ಬಲಿಯುವದನ್ನೇ ಕಾದು ಹೊರಟದ್ದು. ಬೇಸಗೆಯ ಪಯಣದ ಕ್ರಮವೇ ಬೇರೆ. ಬಿಸಿಲು ಇಳಿದ ಮೇಲೆ ಹೂಡಿ, ನಡುರಾತ್ರಿಯ ತನಕ ನಡೆದು, ಕೊಳ್ಳ ಹರಿದು ಒಂದು ನಿದ್ದೆ. ಸಪ್ತರ್ಷಿಗಳು ವಾಯವ್ಯಕ್ಕೆ ವಾಲುತ್ತಲೇ ಮತ್ತೆ ಹೂಡಿ, ಬಿಸಿಲೇರುವವರೆಗೆ ನಡೆದು, ಎಲ್ಲಿಯಾದರೂ ಬೇವಿನ ನೆರಳು ಸಿಕ್ಕರೆ ಹಗಲೆಲ್ಲ ಬಿಡುವದು. ಹೀಗೆ ದಿನಕ್ಕೆ ನಾಲ್ಕು, ಹೆಚ್ಚೆಂದರೆ ಐದು ಹರದಾರಿ. ಎಲುಬು ಕಾಣುತ್ತಿದ್ದ ಎತ್ತುಗಳಿಂದ ಅದಕ್ಕಿಂತ ಹೆಚ್ಚು ಸಾಗಲಾರದು. ಎಲ್ಲಕ್ಕೂ ಸಾಧುವಾದ, ದಾರಿ ಬಲ್ಲ ಜೋಡಿಯನ್ನು ಮುಂದಿನ ಬಂಡಿಗೆ ಕಟ್ಟುವರು. ಹಿಂದಿನ ಎತ್ತುಗಳು ಮುಂದಿನ ಬಂಡಿಯ ಕಂದೀಲನ್ನು ನೋಡಿಕೊಂಡು ತಾವಾಗಿಯೇ ನಡೆಯುವವು. ಹೊಡೆಯುವವನು ಮೂಕಿಯ ಮೇಲೆ ಕುಳಿತಲ್ಲಿಯೇ ತೂಕಡಿಸಿದರೂ ಬಂಡಿ ತಪ್ಪಲಾರದು. ಮುಂದಿನವನು ಮಾತ್ರ ತೂಕಡಿಸಬಾರದು.

ಇದೇ ಸಂಗತಿಯು ಒಂದು ಜಾತಕಕಥೆಯಲ್ಲಿ ಬಂದಿರುವದನ್ನು ನಾವು ಬಹಳ ವರ್ಷಗಳ ತರುವಾಯ ಓದಿ ಬೆರಗಾದೆವು. ಬೋಧಿಸತ್ವನು ಸಾರ್ಥವಾಹನಾಗಿ ಐದುನೂರು ಬಂಡಿಗಳೊಂದಿಗೆ ಅರುವತ್ತು ಯೋಜನದ ಮರಳುಗಾಡನ್ನು ದಾಟುತ್ತಾನೆ. ಹಗಲು ಮರಳು ಕೆಂಡವಾಗಿರುವದರಿಂದ ರಾತ್ರಿಯೇ ಪಯಣ. ನಕ್ಷತ್ರ ನೋಡಿ ದಾರಿ ಹೇಳುವವನೊಬ್ಬನು ಮುಂದಿನ ಬಂಡಿಯಲ್ಲಿ. ಇನ್ನೊಂದೇ ರಾತ್ರಿಯ ದಾರಿಯೆಂದು ಉಳಿದ ನೀರನ್ನೂ ಕಟ್ಟಿಗೆಯನ್ನೂ ಚೆಲ್ಲಿಸುತ್ತಾರೆ. ದಾರಿಯವನಿಗೆ ನಿದ್ದೆ ಹತ್ತುತ್ತದೆ. ಎತ್ತುಗಳು ಹಿಂದಕ್ಕೆ ತಿರುಗುತ್ತವೆ. ಬೆಳಗಾಗಿ ನೋಡಿದರೆ ನಿನ್ನೆ ಬಿಟ್ಟ ಜಾಗವೇ. ಎಲ್ಲರೂ ಎದೆಗುಂದಿ ಬಂಡಿಯ ಕೆಳಗೆ ಬಿದ್ದುಕೊಂಡಾಗ ಅವನೊಬ್ಬನು ಹುಲ್ಲಿನ ಮೆಳೆಯೊಂದನ್ನು ಕಂಡು ಅಲ್ಲಿ ಅಗೆಯಿಸಿ, ಅಡ್ಡ ಬಂದ ಬಂಡೆಯನ್ನು ಒಡೆಯಿಸಿ ನೀರು ತರಿಸುತ್ತಾನೆ. ನಮ್ಮ ಬಂಡಿಗಳು ಹಿಂದಕ್ಕೆ ತಿರುಗಲಿಲ್ಲ. ಉಳಿದದ್ದು ಹೆಚ್ಚು ಕಡಿಮೆ ಹೀಗೆಯೇ ಆಯಿತು. ನಮ್ಮಲ್ಲಿ ಮಾತ್ರ ಬೋಧಿಸತ್ವನಿರಲಿಲ್ಲ.

ಮೊದಲನೆಯ ರಾತ್ರಿಯ ವಸ್ತಿ ಅಮರ್ಜಾ ಹಳ್ಳದ ದಂಡೆಯಲ್ಲಿ. ಮುಂದೆ ಕೋರಳ್ಳಿಯ ಬಳಿ ಅಣೆಕಟ್ಟಾಯಿತಲ್ಲವೇ, ಆ ಹಳ್ಳವೇ. ಬಂಡಿಗಳನ್ನು ಸುತ್ತುಗಟ್ಟಿ ನಿಲ್ಲಿಸಿ, ನಡುವೆ ದಾವಣಿ ಹೂಡಿ ದನ ಕಟ್ಟಿದರು. ಮೂರು ಕಲ್ಲಿನ ಒಲೆ, ತೊಗರಿ ಕಟ್ಟಿಗೆಯ ಉರಿ. ಆಯಿಯು ಬುತ್ತಿಯ ಗಂಟು ಬಿಚ್ಚಿ ಖಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಎಣಿಸಿ ಎಣಿಸಿ ಕೊಟ್ಟಳು. ಮುತ್ಯಾನು ಬಂಡಿಗಳನ್ನು ಹಳ್ಳದ ಮಡುವಿನಿಂದ ನೂರು ಮಾರು ದೂರವೇ ನಿಲ್ಲಿಸಿದ್ದನು. ನೀರಿನ ಹತ್ತಿರವೇ ಇಳಿದರೆ ಹೆಂಗಸರಿಗೆ ಹೊರುವ ಕಷ್ಟ ತಪ್ಪುತ್ತಿತ್ತಲ್ಲಾ ಎಂದು ಕಾಕಾನು ಕೇಳಲು, “ರಾತ್ರಿ ನೀರಿಗಿ ಬರೋ ಜೀವ ಬ್ಯಾರೆ ಇರ್ತಾವ, ಅವುಕ ದಾರಿ ಬಿಡಬೇಕು” ಎಂದನು. ಮುತ್ಯಾನಿಗೆ ಅಕ್ಷರ ಬಾರದು. ಆದರೆ ದಮಯಂತಿಯು ಕೂಡಿಕೊಂಡ ಸಾರ್ಥವು ತಾವರೆಗೊಳದ ದಾರಿಗೆ ಅಡ್ಡಲಾಗಿ ಮಲಗಿದ್ದರಿಂದಲೇ ನಡುರಾತ್ರಿ ನೀರಿಗೆ ಬಂದ ಕಾಡಾನೆಗಳು ಅದನ್ನು ತುಳಿದು ಹಾಕಿದವೆಂದು ವನಪರ್ವದಲ್ಲಿ ಹೇಳಿದೆ.

ಎರಡನೆಯ ದಿನ ರಾತ್ರಿ ಗಾಣಗಾಪುರದ ಸಂಗಮವನ್ನು ಸೇರಿದೆವು. ಅಮರ್ಜೆಯು ಭೀಮೆಯನ್ನು ಕೂಡುವಲ್ಲಿ ಮಡುಗಳಲ್ಲಿ ನೀರು ನಿಂತಿತ್ತು. ದನಗಳು ಹೊಟ್ಟೆ ತುಂಬ ಕುಡಿದವು. ಹರಕೆಯವರು ಸ್ನಾನ ಮಾಡಿ ದತ್ತಾತ್ರೇಯನ ಮಠಕ್ಕೆ ಹೋಗಿ, ಅಲ್ಲಿಯ ಪದ್ಧತಿಯಂತೆ ಐದು ಮನೆ ಮಧುಕರಿ ಬೇಡಿ ಬಂದರು. ಬರಗಾಲದಲ್ಲಿಯೂ ಯಾರೂ ಬರಿಗೈಯಲ್ಲಿ ಬರಲಿಲ್ಲವೆಂಬುದು ನಮಗೆ ನೆನಪಿದೆ.

ಅಲ್ಲಿಂದ ಮುಂದಿನದೇ ಕಷ್ಟದ ದಾರಿ. ನದಿಯು ಸುತ್ತಿ ಬಳಸಿ ಹೋಗುವದು. ಬಂಡಿಯ ದಾರಿಯು ಅದನ್ನು ಬಿಟ್ಟು ಎರೆಯ ಬಯಲನ್ನು ನೇರವಾಗಿ ಸೀಳಿಕೊಂಡು, ಜೇವರ್ಗಿಗೆ ಹೋಗಲು ಮತ್ತೆ ನದಿಯನ್ನು ಕೂಡುವದು. ಬಂಡಿಗೊಂದರಂತೆ ಕಟ್ಟಿದ ತಗಡಿನ ಪೀಪಾಯಿಗಳನ್ನೂ ತತ್ರಾಣಿಗಳನ್ನೂ ಸಂಗಮದಲ್ಲಿ ತುಂಬಿಕೊಂಡಿದ್ದೆವು. ಮೂರನೆಯ ಹಗಲು ಒಂದು ಹಾಳು ಬಾವಿಯ ಬಳಿ ಬಿಟ್ಟಿತು. ಬಾವಿಯಲ್ಲಿ ಪಾರಿವಾಳಗಳಿದ್ದವು, ನೀರಿರಲಿಲ್ಲ. ಅಂದು ರಾತ್ರಿ ನಮ್ಮ ಎಡಗೋಲಿನ ಎತ್ತು ಕುಂಟತೊಡಗಿತು. ಮುತ್ಯಾನು ಎರಡು ರಾತ್ರಿ ನಿದ್ದೆಗೆಟ್ಟು ಬಂಡಿಯಲ್ಲಿ ಒರಗಿದ್ದನು. ಕಾಕಾನು ಬಂಡಿ ನಿಲ್ಲಿಸಿ ಎತ್ತುಗಳಿಗೆ ನೀರು ಕುಡಿಸಿ, “ಇನ್ನೆರಡು ಹರದಾರಿ ಹೋದ್ರ ಭೀಮಾ ಹೊಳಿನೇ ಬರ್ತದ. ಈ ನೀರ ಹೇರಿ ಎತ್ತಿನ ಜೀವ ಯಾಕ ತಿನ್ನಬೇಕು?” ಎಂದು ಉಳಿದುದನ್ನು ನೆಲಕ್ಕೆ ಸುರಿದನು. ಅವನನ್ನು ನೋಡಿ ಉಳಿದ ಬಂಡಿಯವರೂ ಅದರಂತೆಯೇ ಮಾಡಿದರು. ಬಿರುಕುಬಿಟ್ಟ ಎರೆಯು ಆ ನೀರನ್ನು ಸದ್ದಿಲ್ಲದೆ ಕುಡಿಯಿತು. ಕಾಕಾನನ್ನು ನಾವು ಇಂದಿಗೂ ಮೂರ್ಖನೆನ್ನಲಾರೆವು. ನದಿಯಲ್ಲಿ ನೀರಿರುವದೆಂದು ನಂಬುವದು ಮೂರ್ಖತನವೇ?

ಬೆಳಗಿನ ಬಿಸಿಲಿಗೆ ದಂಡೆಯ ಮೇಲೆ ನಿಂತು ನೋಡಿದರೆ ಆ ದಂಡೆಯಿಂದ ಈ ದಂಡೆಯವರೆಗೆ ಉಸುಕು. ಪ್ರತಿ ಬೇಸಗೆಯಲ್ಲಿ ನೀರು ಹಿಡಿದಿರುತ್ತಿದ್ದ ಮಡುವು ಒಣಗಿ, ಬುಡದಲ್ಲಿ ಒಡೆದ ಕೆಸರಿನ ಹಪ್ಪಳಗಳಿದ್ದವು. ಬಂಡಿಗಳನ್ನು ಉಸುಕಿಗೆ ಇಳಿಸಿದೆವು. ಗಾಲಿಗಳು ಗುಂಭದ ತನಕ ಹೂತವು. ನಡುಪಾತ್ರದಲ್ಲಿ ಕುಂಟೆತ್ತು ಮೊಣಕಾಲೂರಿ ಕುಳಿತಿತು. ಮುತ್ಯಾನು ಕಾಕಾನಿಗೆ ಒಂದು ಮಾತನ್ನೂ ಆಡಲಿಲ್ಲ. ನೊಗ ಬಿಚ್ಚಿ ಎತ್ತಿನ ಮುಖಕ್ಕೆ ತನ್ನ ಪಟಗವನ್ನು ನೆರಳು ಹಿಡಿದು ನಿಂತನು. ಗಂಡಸರು ಸಲಿಕೆ ತಂದು ಅಲ್ಲಿಯೇ ತೋಡತೊಡಗಿದರು. ಒಂದಾಳುದ್ದ ಹೋದರೂ ಒಣ ಉಸುಕು. ಬದಿ ಕುಸಿದು ತೋಡಿದ್ದೆಲ್ಲ ತುಂಬುವದು.

ಆಚೆ ದಂಡೆಯ ನೆರಳಿನಲ್ಲಿ ಬರದ ದೆಸೆಯಿಂದ ತಾಂಡಾ ಬಿಟ್ಟು ಬಂದ ನಾಲ್ಕಾರು ಲಂಬಾಣಿ ಮನೆಯವರು ದನಗಳೊಡನೆ ಬೀಡುಬಿಟ್ಟಿದ್ದರು. ಅವರಲ್ಲಿಯ ಒಬ್ಬ ಮುದುಕಿ, ತೋಳು ತುಂಬ ಬಿಳಿಯ ಬಳೆ, ಕುಪ್ಪಸಕ್ಕೆ ಕನ್ನಡಿಯ ಚೂರು, ನಮ್ಮ ಕಡೆಗೆ ನಡೆದು ಬಂದಳು. “ಇಲ್ಲಿ ತೋಡಿದ್ರ ಬರೇ ಉಸುಕು ಬರ್ತದ್ರೆಪ್ಪಾ. ಅಕಾಡಿ ದಂಡಿಗಿ ಬರ್ರಿ” ಎಂದಳು. ನದಿಯು ಹೊರಳಿ ದಂಡೆಯನ್ನು ಕೊರೆದಿರುವ ಬಾಗಿನಲ್ಲಿ, ಉಸುಕಿನ ಕೆಳಗೆ ಕಲ್ಲಿನ ಹಾಸು ಇರುವಲ್ಲಿ, ಮೇಲಿನಿಂದ ಒಳಗೊಳಗೇ ಜಿನುಗಿ ಬಂದ ನೀರು ತಡೆದು ನಿಲ್ಲುವದು. ಅಲ್ಲಿ ಅವರು ಎರಡು ಒರತೆಗಳನ್ನು ತೋಡಿದ್ದರು. ಮೂರನೆಯದಕ್ಕೆ ಅವಳು ಜಾಗ ತೋರಿಸಿದಳು. ಬಾಯಿ ಅಗಲವಾಗಿ, ಬುಡ ಕಿರಿದಾಗಿ ತೋಡಬೇಕು. ಬುಡ ತೆಗೆದ ಬುಟ್ಟಿಯನ್ನು ಒಳಗಿಳಿಸಿ ಉಸುಕು ಕುಸಿಯದಂತೆ ತಡೆಯಬೇಕು. ಮೊದಲು ಬಂದ ಕದಡಿದ ನೀರನ್ನು ತೋಡಿ ಚೆಲ್ಲಬೇಕು, ಎರಡನೆಯದು ದನಕ್ಕೆ, ಆಮೇಲೆ ತಿಳಿಯಾದದ್ದು ಮನುಷ್ಯರಿಗೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟು, ಯಾವ ಗಿಡದ ಬಳಿ ಹುತ್ತವಿದ್ದರೆ ಯಾವ ದಿಕ್ಕಿಗೆ ಎಷ್ಟು ಆಳದಲ್ಲಿ ನೀರೆಂದು ವಿವರಿಸಿದ್ದಾನೆ. ಪಾಠಶಾಲೆಯಲ್ಲಿ ಅದನ್ನು ಓದುವಾಗಲೆಲ್ಲ ನಮಗೆ ಕಾಣುತ್ತಿದ್ದದ್ದು ಆ ಬಿಳಿಯ ಬಳೆಯ ಕೈ.

ಮೂರನೆಯ ಒರತೆಯಲ್ಲಿ ನೀರು ಊರಲು ಮಧ್ಯಾಹ್ನವಾಗುವದೆಂದು ಅವಳು ತನ್ನ ಒರತೆಯ ನೀರನ್ನೇ ಕೊಡ ತುಂಬಿ ಮೊದಲು ಕುಂಟೆತ್ತಿನ ಮುಂದಿಟ್ಟಳು, ಆಮೇಲೆ ಮಕ್ಕಳಿಗೆ. ನಾವು ಕುಡಿದೆವು. ಆಯಿಯು ಕುಡಿದಳು. ಗುಂಪಿನ ಹಿರಿಯರೊಬ್ಬರು ಕುಡಿಯಲಿಲ್ಲ. ಬಿಸಿಲಿನಲ್ಲಿ ಒಣನಾಲಗೆ ಚಪ್ಪರಿಸುತ್ತ ಕುಳಿತು, ಕಡೆಗೆ ತಾವೇ ಎದ್ದು ಅವಳ ಒರತೆಯಿಂದ ಒಂದು ಮೊಳ ಆಚೆಗೆ ಬೇರೆ ಒರತೆಯನ್ನು ತೋಡಿಕೊಂಡರು.

ಮೊಮ್ಮಗನಿಗೆ ನಾವು ಹೇಳಲಾರದೆ ಉಳಿಸಿಕೊಂಡದ್ದು ಇದರ ಹಿಂದಿನ ವರ್ಷದ ಸಂಗತಿ. ಆ ಚಳಿಗಾಲದಲ್ಲಿ ನಮ್ಮ ಹೊಲದ ಬಾವಿಯ ಬಳಿ ಇಂಥದೇ ಒಂದು ಗುಂಪು ನಾಲ್ಕು ಎತ್ತುಗಳೊಡನೆ ಇಳಿದಿತ್ತು. ಬೆಳೆ ಮೇಯಿಸುತ್ತಾರೆ, ಕಳವು ಮಾಡುತ್ತಾರೆ ಎಂಬ ಹೆದರಿಕೆ ಊರಿನವರಿಗೆಲ್ಲ. ಮುತ್ಯಾನು ಕೋಲು ಹಿಡಿದು ಹೋಗಿ, ಒಲೆಯ ಮೇಲಿನ ಗಡಿಗೆ ಇಳಿಯುವ ತನಕವೂ ತಾಳದೆ ಅವರನ್ನು ಎಬ್ಬಿಸಿದನು. ಅವರು ಹೋಗುತ್ತಿರುವಾಗ ನಾವೂ ಒಂದು ಹೆಂಟೆಯನ್ನು ಎತ್ತಿ ಎಸೆದೆವು. ಅದು ಒಬ್ಬ ಹೆಣ್ಣುಮಗಳ ತಲೆಯ ಮೇಲಿನ ಗಂಟಿಗೆ ತಗುಲಿ ಪುಡಿಯಾಯಿತು. ಅವಳು ತಿರುಗಿ ನೋಡಲಿಲ್ಲ. ಮುತ್ಯಾನು ನಮ್ಮನ್ನು ಗದರಲೂ ಇಲ್ಲ.

ಭೀಮೆಯ ಪಾತ್ರದಲ್ಲಿ ಆ ದಿನವೂ ಆ ರಾತ್ರಿಯೂ ನಿಂತೆವು. ರಾತ್ರಿ ಮುತ್ಯಾನು ನಮ್ಮ ಬುತ್ತಿಯಲ್ಲಿ ಉಳಿದ ರೊಟ್ಟಿಗಳನ್ನು ಎರಡು ಪಾಲು ಮಾಡಿಸಿ ಒಂದನ್ನು ಅವರ ಬೀಡಿಗೆ ಕಳುಹಿಸಿದನು. ಮುದುಕಿಯು ಬಂದು, “ನೀವು ಎಲ್ಲಿಯವ್ರು ಮುತ್ಯಾ?” ಎಂದು ಕೇಳಿದಳು. ಮುತ್ಯಾನು ಆಳಂದದ ಕಡೆಯವರೆಂದು ಹೇಳಿದನೇ ಹೊರತು ಊರಿನ ಹೆಸರನ್ನು ಹೇಳಲಿಲ್ಲ. ನಮ್ಮ ಊರಿನ ಹೆಸರನ್ನು ಅವನು ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ನಾವು ಕಂಡದ್ದು ಅದೊಂದೇ ಸಲ.

ಮರುದಿನ ಜೇವರ್ಗಿಯ ದಾರಿ ಹಿಡಿದು ನಾಲ್ಕನೆಯ ವಸ್ತಿಯ ತರುವಾಯ ತಾಯಿಯ ತವರನ್ನು ಮುಟ್ಟಿದೆವು. ಕಣಿಕಿ ಇದ್ದಿತು. ದನಗಳು ಉಳಿದವು, ಕುಂಟೆತ್ತು ಮಾತ್ರ ತಿಂಗಳು ತುಂಬುವದರೊಳಗೆ ತೀರಿಕೊಂಡಿತು. ಮಳೆಗಾಲಕ್ಕೆ ಊರಿಗೆ ಮರಳಿದ ಮೇಲೆ ಮುತ್ಯಾನು ಆಳಂದದಿಂದ ಕಲ್ಲುಕುಟಿಗನನ್ನು ಕರೆಯಿಸಿ, ಹೊಲದ ಬಾವಿಯ ಹೊರಮಗ್ಗುಲಿಗೆ, ದಾರಿಗೆ ಹತ್ತುವಂತೆ, ಎರಡಾಳುದ್ದದ ಕಲ್ಲಿನ ದೋಣಿಯನ್ನು ಮಾಡಿಸಿದನು. ದಿನಾಲು ಸಂಜೆ ಅದನ್ನು ತುಂಬಿಸುವ ಕೆಲಸ ನಮ್ಮದು. ಒಳಗಿನ ಕೆಲವರು ಇದನ್ನು ಹುಚ್ಚೆಂದರು. ಲಂಬಾಣಿಗರು ಬಂದು ಇಳಿದರೆ ಅವನು ಮಾತನಾಡಿಸುತ್ತಿದ್ದನೆಂದೇನೂ ಅಲ್ಲ, ಎಬ್ಬಿಸುತ್ತಿರಲಿಲ್ಲ, ಅಷ್ಟೇ.

ಆ ಮೇಲೆ ಕಾಲ ಬಹಳ ಹೊರಳಿದೆ. ಮೇಲೆ ಮಹಾರಾಷ್ಟ್ರದಲ್ಲಿ ಉಜನಿಯ ಆಣೆಕಟ್ಟು 1980ರಲ್ಲಿ ಮುಗಿಯಿತು. ಕೆಳಗೆ ನಮ್ಮ ಸೊನ್ನ, ಘತ್ತರಗಿಗಳಲ್ಲಿ ಬ್ಯಾರೇಜುಗಳಾದವು. ಆದರೂ 2020ರ ಅಕ್ಟೋಬರದಲ್ಲಿ ಹೊಲ ಮನೆಗಳನ್ನು ಮುಳುಗಿಸಿದ ಭೀಮೆಯೇ 2024ರ ಬೇಸಗೆಯಲ್ಲಿ ಒಣಗಿ, ಮೇಲಿನಿಂದ ನೀರು ಬಿಡಿಸಿರೆಂದು ಅಫಜಲಪುರದಲ್ಲಿ ಉಪವಾಸ ಕೂಡ್ರುವಂತಾಯಿತು. ಬಂಡಿಗಳ ಸಾಲು ಈಗ ಕಾಣಬೇಕಾದರೆ ಕಬ್ಬಿನ ಹಂಗಾಮಿನಲ್ಲಿ ಭೂಸನೂರು, ಹಾವಳಗಿಗಳ ಸಕ್ಕರೆ ಕಾರಖಾನೆಗಳ ದಾರಿಗೆ ಹೋಗಬೇಕು. ಕಬ್ಬು ಕಡಿಯುವವರು ಹೆಂಡಿರು ಮಕ್ಕಳೊಂದಿಗೆ ಬಯಲಿನಲ್ಲಿ ತಿಂಗಳುಗಟ್ಟಲೆ ಗುಡಿಸಲು ಹಾಕಿಕೊಂಡಿರುವರು; ಸಾರ್ಥವೆಂಬ ಹಳೆಯ ಹೆಸರು ಅವರಿಗೂ ಸಲ್ಲುವದು. ದಾರಿಗಳೇನೋ ಅಗಲವಾದವು, ದಾರಿಯ ಬಾವಿಗಳು ಮಾತ್ರ ಕಸದ ಗುಂಡಿಗಳಾದವು. ಕೊಳವೆಬಾವಿಗೆ ಹಗ್ಗವೂ ಇಲ್ಲ, ಗಡಗಡೆಯೂ ಇಲ್ಲ. ಒಡೆಯನು ಗುಂಡಿ ಒತ್ತಿದರೆ ಮಾತ್ರ ನೀರು. ಹಾದಿಹೋಕನು ಅಲ್ಲಿ ತಾನಾಗಿ ಏನು ಸೇದಬಲ್ಲನು?

ನಮ್ಮ ಬಾವ ಬತ್ತಿ ಹನ್ನೆರಡು ವರ್ಷಗಳಾದವು. ಅದನ್ನು ಮುಚ್ಚಿ, ಅಡ್ಡ ಬರುವ ದೋಣಿಯನ್ನು ಕಿತ್ತು ಟ್ರ್ಯಾಕ್ಟರಿಗೆ ದಾರಿ ಮಾಡಬೇಕೆಂದು ಮಗನು ಎರಡು ವರ್ಷ ಹೇಳಿದನು. ಬಾವಿಯನ್ನು ಮುಚ್ಚಿಸಿದೆವು. ದೋಣಿಯ ವಿಷಯದಲ್ಲಿ ಸ್ವಲ್ಪ ಜಗಳವಾಯಿತು. ಕಡೆಗೆ ಕೊಳವೆಬಾವಿಯಿಂದ ಅದಕ್ಕೊಂದು ಪೈಪು ಎಳೆಯಿಸಿಕೊಟ್ಟವನು ಅವನೇ.

ಈ ದೀಪಾವಳಿಯ ಮರುವಾರ ಕುರುಬರ ಹಿಂಡೊಂದು ಬಂದಿತು. ಎರಡು ತಟ್ಟುಗಳ ಮೇಲೆ ಬಲೆ, ಗಡಿಗೆ, ಕೂಸು, ಹಿಂದೆ ನಾಯಿಗಳು. ಗೊಬ್ಬರಕ್ಕೆಂದು ನಾಲ್ಕು ರಾತ್ರಿ ನಮ್ಮ ಹೊಲದಲ್ಲಿ ಹಟ್ಟಿ ಹಾಕಿಸಿ ಜೋಳ ಅಳೆದುಕೊಟ್ಟೆವು. ಮೊಮ್ಮಗನು ಚಿತ್ರದ ಪುಸ್ತಕವನ್ನು ಮರೆತು ಎರಡು ದಿನ ಅವರ ಬಳಿಯೇ ಇದ್ದನು. ಕುರಿಗಳನ್ನು ಎಣಿಸಲು ಹೋಗಿ ಮೂರು ಸಲ ತಪ್ಪಿದನು. ಐದನೆಯ ದಿನ ಬೆಳಗಿನ ಜಾವ ಹಿಂಡು ಅಫಜಲಪುರದ ದಾರಿ ಹಿಡಿಯಿತು. ಹಿಂದೆ ಇನ್ನೊಂದು ಹಿಂಡು ಬರುವದೆಂದು ಹೇಳಿ ಹೋಗಿದ್ದಾರೆ. ದೋಣಿಯನ್ನು ತುಂಬಿಸಿ ಇಟ್ಟಿದ್ದೇವೆ.